ಹರಿತಸ ಗೋತ್ರದ ತೆಂಗಿನಕಾಯಿ

ಗಣಪತಿಯಿಂದ ತಪ್ಪಾಗಿದೆಯೋ ಇಲ್ಲವೋ ಎಂದು ವಿಚಾರಿಸಲು ನಮ್ಮ ಕನ್ನಡ ಬಳಗದವರು ಮೂರು ಜನರ ಉಪಸಮಿತಿ ನೇಮಿಸಿದರು. ಅವನು ಮಾಡಿದ ತಪ್ಪು ಇಷ್ಟೇ. ನಮ್ಮ ಚೀಟಿ ಎತ್ತಿದ್ದ.

ನಮ್ಮದು ಎಂದರೆ ನನ್ನದು ಮತ್ತು ವಂದನಾಳದು. ನಾನು ದುರುಗವ್ವ ಮಾದರ, ಬಾಗಲಕೋಟೆ ಕಡೆಯವಳು. ಆಕ್ಲೆಂಡ್ ಏರ್‌ಪೋರ್ಟಿನ ಪಕ್ಕ ವಿಮಾನದ ಊಟ ಕಟ್ಟುವ ಕಾರ್ಖಾನೆಯಲ್ಲಿ ಕೆಲಸ. ತಣ್ಣಗಿನ ಕೋಣೆಯಲ್ಲಿ ಎಂಟು ಗಂಟೆ ನಿಲ್ಲಬೇಕು. ತಟ್ಟೆಗೆ ಅನ್ನ, ತಟ್ಟೆಗೆ ಪಲ್ಯ, ತಟ್ಟೆಗೆ ಬ್ರೆಡ್ಡು. ವಂದನಾ ಮೈಸೂರಿನವಳು. ಆಸ್ಪತ್ರೆಯ ಲ್ಯಾಬಿನಲ್ಲಿ ಜನರ ರಕ್ತ ನೋಡುತ್ತಾಳೆ. ನಾವಿಬ್ಬರೂ ಆರು ವರ್ಷದ ಹಿಂದೆ ಈ ದೇಶದ ಕಾನೂನಿನ ಪ್ರಕಾರ ಮದುವೆಯಾದೆವು. ನನ್ನ ಜೊತೆ ಕೆಲಸ ಮಾಡುವ ಇಬ್ಬರು ಸಮೋವಾ ಹೆಂಗಸರು ಸಾಕ್ಷಿ ಸಹಿ ಹಾಕಿದರು. ಆಮೇಲೆ ಎಲ್ಲರೂ ನಮ್ಮ ಬಡಾವಣೆ ಪಾಪಟೋಟೊಯಿಗೆ ಬಂದು ಫಿಶ್ ಅಂಡ್ ಚಿಪ್ಸ್ ತಿಂದೆವು. ವಂದನಾ ಚಿಪ್ಸ್ ಮಾತ್ರ ತಿಂದಳು.

ಬಳಗದ ಗಣೇಶನ ಹಬ್ಬಕ್ಕೆ ಪ್ರತಿವರ್ಷ ಒಂದು ದಂಪತಿ ಮಣೆಯ ಮೇಲೆ ಕೂರಬೇಕು. ಎಲ್ಲರ ಪರವಾಗಿ ಅವರೇ ಸಂಕಲ್ಪ ಮಾಡಬೇಕು. ಹಿಂದೆ ಇದಕ್ಕೆ ದೊಡ್ಡ ಜಗಳಗಳಾಗುತ್ತಿದ್ದವಂತೆ. ಒಂದು ವರ್ಷ ಇಬ್ಬರು ಯಜಮಾನರು ಒಂದೇ ಮಣೆಯನ್ನು ಎರಡು ಕಡೆಯಿಂದ ಹಿಡಿದು ಎಳೆದಾಡಿ ಮಣೆ ಹೋಳಾಯಿತಂತೆ. ಅಂದಿನಿಂದ ಚೀಟಿ. ವರ್ಷವಿಡೀ ಬಳಗಕ್ಕೆ ದುಡಿದ ಕುಟುಂಬಗಳ ಹೆಸರು ಬರೆದು, ಸುರುಳಿ ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿ, ಗಣಪತಿಯ ಫೋಟೋದ ಮುಂದಿಟ್ಟು, ಒಂದು ಮಗುವಿನ ಕೈಯಲ್ಲಿ ಎತ್ತಿಸುವುದು. ನಿಯಮಾವಳಿಯ ಒಂಬತ್ತನೇ ಕಲಮು ಹೀಗಿದೆ: ಎತ್ತುವುದು ಮಗು, ಕೊಡುವುದು ದೇವರು, ಬದಲಾವಣೆಗೆ ಅವಕಾಶವಿಲ್ಲ.

ನಮ್ಮ ಹೆಸರು ಡಬ್ಬಿಗೆ ಹೇಗೆ ಬಿತ್ತು? ಚೀಟಿ ಬರೆದವರು ಮಹಿಳಾ ವಿಭಾಗದ ಪದ್ಮಾವತಿ ಆಂಟಿ. ಅವರು ಕೆಲಸದ ಪಟ್ಟಿ ಮುಂದಿಟ್ಟುಕೊಂಡು, ಟೀವಿ ನೋಡುತ್ತಾ ಬರೆದರು. ಪಟ್ಟಿಯಲ್ಲಿ ಮೊದಲ ಹೆಸರು ನನ್ನದು, ಒಂದೇ ಮನೆಯೆಂದು ಪಕ್ಕದಲ್ಲಿ ವಂದನಾಳದು. ಆರು ವರ್ಷದಿಂದ ನನ್ನದೇ. ಯುಗಾದಿಗೆ, ಗಣಪತಿಗೆ, ರಾಜ್ಯೋತ್ಸವಕ್ಕೆ ಮುನ್ನೂರು ಜನಕ್ಕೆ ಬಿಸಿಬೇಳೆಬಾತು ಮಾಡಿದ್ದು ನಾನು. ಕಿಲೋಗಟ್ಟಲೆ ಹುರುಳಿಕಾಯಿ ಹೆಚ್ಚಿ ಹೆಬ್ಬೆರಳು ಸೀಳಿಸಿಕೊಂಡಿದ್ದು ನಾನು. ಹಬ್ಬ ನಡೆಯುವುದು ಒಂದು ಶಾಲೆಯ ಹಾಲಿನಲ್ಲಿ. ಹಾಲ್ ವಾಪಸ್ ತೆಗೆದುಕೊಳ್ಳುವಾಗ ಶಾಲೆಯವರು ಟಾಯ್ಲೆಟ್ಟನ್ನೂ ನೋಡುತ್ತಾರೆ. ಹಾಗಾಗಿ ಬಳಗದಲ್ಲಿ ಟಾಯ್ಲೆಟ್ ಸರದಿ ಎಂದು ಒಂದು ಪಟ್ಟಿಯಿದೆ. ಸರದಿ ಎಂದರೂ ಅದರಲ್ಲಿ ಇರುವುದು ಒಂದೇ ಹೆಸರು.

ದೇವರ ನೈವೇದ್ಯ ಮಾತ್ರ ಪದ್ಮಾವತಿ ಆಂಟಿಯ ಮನೆಯಿಂದ ಮುಚ್ಚಳ ಹಾಕಿದ ಡಬ್ಬಿಯಲ್ಲಿ ಬರುತ್ತಿತ್ತು. ಮೊದಲ ವರ್ಷ ಬೆಳ್ಳುಳ್ಳಿಯ ಕಾರಣಕ್ಕೆ ಇರಬೇಕು ಎಂದುಕೊಂಡೆ. ಎರಡನೇ ವರ್ಷ ಬೆಳ್ಳುಳ್ಳಿ ಬಿಟ್ಟು ಮಾಡಿದೆ. ಡಬ್ಬಿ ಆಗಲೂ ಬಂತು. ನನ್ನ ಅಡ್ಡಹೆಸರು ಓದಲು ಬರುವವರಿಗೆ ಬೆಳ್ಳುಳ್ಳಿಯ ನೆಪ ಬೇಕಿರಲಿಲ್ಲ. ಮುಂದೆ ನಾನು ಕೇಳಲಿಲ್ಲ.

ಚೀಟಿ ಎತ್ತಿದವಳು ಬಳಗದ ಅಧ್ಯಕ್ಷ ರಘುನಾಥ್ ಅವರ ಆರು ವರ್ಷದ ಮಗಳು ಕೃತಿ. ಸುರುಳಿ ಬಿಚ್ಚಿ "ವಂದನಾ ಅಂಡ್ ದುರ್ಗಾ! ಯೇ!" ಎಂದು ಕುಣಿದಳು. ಎಲ್ಲರೂ ಚಪ್ಪಾಳೆ ಶುರು ಮಾಡಿದರು. ಆಮೇಲೆ ಒಬ್ಬೊಬ್ಬರಿಗೇ ಅರ್ಥವಾಗುತ್ತಾ ಬಂತು. ಚಪ್ಪಾಳೆ ಅರ್ಧಕ್ಕೆ ನಿಂತಿತು. ಕೃತಿ ಮಾತ್ರ ಇನ್ನೂ ಕುಣಿಯುತ್ತಿದ್ದಳು. ಅವಳ ಅಪ್ಪ ಬಂದು ಎತ್ತಿಕೊಂಡು ಹೋದರು.

ನನಗೇನೂ ಮಣೆಯ ಆಸೆಯಿರಲಿಲ್ಲ. ಆ ಮಣೆಯಿಂದ ನಮ್ಮವರನ್ನು ಎಷ್ಟು ದೂರ ನಿಲ್ಲಿಸಿದ್ದರು ಎಂದು ನನಗೆ ಗೊತ್ತು. ಆಸೆ ಹುಟ್ಟಿಸಿದವರು ವಂದನಾಳ ತಾಯಿ.

ವಸಂತಾ ಆಂಟಿ ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದರು. ನಮ್ಮ ಮದುವೆಯ ಫೋಟೋ ಮನೆಯ ಹಾಲಿನಲ್ಲೇ ಇತ್ತು. ಅದರ ಮುಂದೆ ಕೂತು ಕಾಫಿ ಕುಡಿಯುತ್ತಾ ಫೋನಿನಲ್ಲಿ ತಂಗಿಗೆ "ವಂದನನ ಫ್ಲ್ಯಾಟ್‌ಮೇಟು ಒಳ್ಳೆ ಹುಡುಗಿ ಕಣೇ, ಮನೆ ಕೆಲಸ ಎಲ್ಲಾ ಅವಳೇ ಮಾಡ್ತಾಳೆ" ಎನ್ನುತ್ತಿದ್ದರು. ವಂದನಾ ಅದನ್ನು ಕೇಳಿ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಆರು ವರ್ಷದಿಂದ ಅವಳು ಕಾಯುತ್ತಿದ್ದದ್ದು ಒಂದೇ ಮಾತಿಗೆ. ಅಮ್ಮ ಒಂದು ಸಲ, ಯಾರಿಗಾದರೂ, ನನ್ನ ಮಗಳಿಗೆ ಮದುವೆಯಾಗಿದೆ, ಇವಳ ಜೊತೆ ಆಗಿದೆ ಎನ್ನಬೇಕು.

ಚೀಟಿ ಎತ್ತಿದ ಸಂಜೆ ವಸಂತಾ ಆಂಟಿ ದೇವರಿಗೆ ದೀಪ ಹಚ್ಚಿದರು. ಆಮೇಲೆ ಹೇಳಿದರು: "ದೇವರೇ ಎತ್ತಿ ಕೊಟ್ಟಿದ್ದಾನೆ ಅಂದ್ಮೇಲೆ ನಾನ್ಯಾರು ಬೇಡ ಅನ್ನಕ್ಕೆ? ನೀವು ಮಣೆ ಮೇಲೆ ಕೂತ ದಿನ ನಿಮ್ಮ ಚಿಕ್ಕಮ್ಮಂಗೆ ನಾನೇ ಹೇಳ್ತೀನಿ."

ವಂದನಾ ನನ್ನ ಕಡೆ ನೋಡಿದಳು. ಆ ಮುಖ ನೋಡಿದ ಮೇಲೆ ನಾನು ಹೂಂ ಎನ್ನದೆ ಇನ್ನೇನು ಮಾಡಲಿ?

ಎರಡು ದಿನಕ್ಕೆ ಉಪಸಮಿತಿಯ ಇಮೇಲ್ ಬಂತು. ಸದಸ್ಯರು ಅಧ್ಯಕ್ಷ ರಘುನಾಥ್, ಪದ್ಮಾವತಿ ಆಂಟಿ, ಮತ್ತು ಆಂಟಿಯ ಗಂಡ ವೆಂಕಟರಮಣ ಅಂಕಲ್. ಅಂಕಲ್ ವಾರದಲ್ಲಿ ಐದು ದಿನ ನೀರಿನ ಪೈಪಿನ ಇಂಜಿನಿಯರ್, ಎರಡು ದಿನ ಬಳಗದ ಪುರೋಹಿತರು. ಇಮೇಲಿನಲ್ಲಿ ಬರೆದಿತ್ತು: ಭಗವಂತನ ಆಯ್ಕೆಯನ್ನು ಬಳಗ ಗೌರವಿಸುತ್ತದೆ. ಆದರೆ ಇಂಥ ವಿವಾಹಕ್ಕೆ ಇತಿಹಾಸವಿದೆ ಎಂಬುದನ್ನು ತಾವು ಹದಿನೈದು ನಿಮಿಷಗಳಲ್ಲಿ ಸಾಬೀತುಪಡಿಸಬೇಕು. ಪ್ರೊಜೆಕ್ಟರ್ ವ್ಯವಸ್ಥೆ ಇದೆ.

ಆ ಬಳಗದ ಯಾವ ಗಂಡ-ಹೆಂಡತಿಯನ್ನೂ ನಿಮ್ಮ ಮದುವೆಗೆ ಇತಿಹಾಸ ತೋರಿಸಿ ಎಂದು ಕೇಳಿದವರಿಲ್ಲ. ನಮ್ಮನ್ನು ಕೇಳಿದರು. ವಂದನಾ ನಾಲ್ಕು ರಾತ್ರಿ ಕೂತು ನಲವತ್ತೊಂದು ಸ್ಲೈಡು ಮಾಡಿದಳು. ಪುರಾವೆ ಕೊಟ್ಟರೆ ಜನ ಒಪ್ಪುತ್ತಾರೆ ಎಂದು ನಂಬಿರುವ ಹೆಂಗಸು ಅವಳು. ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಬರುವ ರೋಗ ಅದು.

ವಿಚಾರಣೆ ನಡೆದದ್ದು ರಘುನಾಥ್ ಅವರ ಗ್ಯಾರೇಜಿನಲ್ಲಿ. ಕಾರು ಹೊರಗೆ ನಿಲ್ಲಿಸಿ ಮಡಚುವ ಕುರ್ಚಿ ಹಾಕಿದ್ದರು. ಮೂಲೆಯಲ್ಲಿ ಹುಲ್ಲು ಕತ್ತರಿಸುವ ಮೆಷಿನ್ನು, ಹೋದ ವರ್ಷದ ಥರ್ಮೋಕೋಲ್ ಮಂಟಪ. ಹಿರಿಯರೆಂದು ವಸಂತಾ ಆಂಟಿಗೆ ಮಾತ್ರ ಮೆತ್ತನೆಯ ಕುರ್ಚಿ. ನಾನು ಶಿಫ್ಟ್ ಮುಗಿಸಿ ನೇರ ಬಂದಿದ್ದೆ. ಕಾಲು ಊದಿತ್ತು. ಬೆರಳುಗಳಿಗೆ ಇನ್ನೂ ಜೀವ ಬಂದಿರಲಿಲ್ಲ.

"ಎರಡು ಸಾವಿರದ ಒಂದು, ನೆದರ್‌ಲ್ಯಾಂಡ್ಸ್," ಎಂದು ವಂದನಾ ಶುರು ಮಾಡಿದಳು. "ಇಡೀ ಜಗತ್ತಲ್ಲಿ ಮೊದಲು ಕಾನೂನು ಮಾಡಿದ್ದು ಅವರು."

"ಬಿಳಿಯರದ್ದು ಬಿಡಮ್ಮ. ಅವರು ಏನ್ ಬೇಕಾದ್ರೂ ಮಾಡ್ತಾರೆ," ಎಂದರು ವೆಂಕಟರಮಣ ಅಂಕಲ್.

"ಎರಡು ಸಾವಿರದ ಹದಿಮೂರು, ನಮ್ಮ ನ್ಯೂಜಿಲೆಂಡ್. ಪಾರ್ಲಿಮೆಂಟಲ್ಲಿ ಮತ ಎಣಿಸಿದ ಮೇಲೆ ಗ್ಯಾಲರಿಲಿದ್ದ ಜನ ಎದ್ದು ನಿಂತು ಇಲ್ಲಿನ ಮೂಲಜನರ ಮಾವೋರಿ ಭಾಷೇಲಿ ಹಾಡಿದ್ರು. ಮಾವೋರಿಗಳಲ್ಲಿ ನಮ್ಮಂಥವರಿಗೆ ಒಂದು ಹಳೇ ಹೆಸರೇ ಇದೆ, ತಕತಾಪುಯಿ ಅಂತ."

"ಮಾವೋರಿ ಕಲ್ಚರ್ ಬಗ್ಗೆ ನಮಗೆ ತುಂಬಾ ರೆಸ್ಪೆಕ್ಟ್ ಇದೆ," ಎಂದರು ರಘುನಾಥ್. "ಎಲ್ಲಾ ಪ್ರೋಗ್ರಾಮೂ ಕಿಯಾ ಓರಾ ಅಂತ ಅವರ ಭಾಷೇಲಿ ನಮಸ್ಕಾರ ಹೇಳೇ ಸ್ಟಾರ್ಟ್ ಮಾಡ್ತೀವಿ. ನೆಕ್ಸ್ಟ್."

"ಕೀನ್ಯಾದ ನಂದಿ ಜನ. ಅಲ್ಲಿ ಮಕ್ಕಳಿಲ್ಲದ ಹೆಂಗಸು ದನ ಕೊಟ್ಟು ಇನ್ನೊಬ್ಬ ಹೆಂಗಸನ್ನ ಮದುವೆ ಆಗ್ಬಹುದು. ಆಮೇಲೆ ಊರವರೆಲ್ಲಾ ಅವಳನ್ನ ಗಂಡ ಅಂತಾನೇ ನೋಡ್ತಾರೆ."

"ನಂದಿ ಅಂದ್ರೆ ಶೈವರಾ?" ಎಂದು ಪದ್ಮಾವತಿ ಆಂಟಿ ಮೊದಲ ಬಾರಿ ಆಸಕ್ತಿಯಿಂದ ಕೇಳಿದರು. ಅಲ್ಲ ಎಂದು ತಿಳಿದ ಮೇಲೆ ಮತ್ತೆ ಫೋನ್ ನೋಡತೊಡಗಿದರು.

ಚೀನಾದ ಫುಜಿಯಾನ್ ಪ್ರಾಂತದಲ್ಲಿ ನಾನೂರು ವರ್ಷದ ಹಿಂದೆ ಗಂಡಸರು ಗಂಡಸರನ್ನು ಮದುವೆಯಂತೆಯೇ ಶಾಸ್ತ್ರ ಮಾಡಿ ಮನೆಗೆ ಕರೆದುಕೊಳ್ಳುತ್ತಿದ್ದರು ಎಂದಾಗ ಅಂಕಲ್ "ಚೀನಾ ಮಾಲು, ಗ್ಯಾರಂಟಿ ಇಲ್ಲ" ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಕ್ರೈಸ್ತರಲ್ಲಿ ಒಪ್ಪುವ ಚರ್ಚುಗಳೂ ಇವೆ, ಒಪ್ಪದ ಚರ್ಚುಗಳೂ ಇವೆ ಎಂದಾಗ, ಒಪ್ಪದವುಗಳ ಹೆಸರು ಮಾತ್ರ ಬರೆದುಕೊಂಡರು. ಬಂಗಾಳದಲ್ಲಿ ಒಂದು ಹಳೆಯ ಕಥೆಯಿದೆ, ರಾಜ ಸತ್ತ ಮೇಲೆ ಅವನ ಇಬ್ಬರು ರಾಣಿಯರೇ ಕೂಡಿ ವಂಶಕ್ಕೊಂದು ಮಗು ಕೊಟ್ಟರು ಎಂದಾಗ ಪದ್ಮಾವತಿ ಆಂಟಿ "ಬಂಗಾಳದಲ್ಲಿ ಬ್ರಾಹ್ಮಣರೂ ಮೀನು ತಿಂತಾರೆ" ಎಂದರು. ಆ ಸ್ಲೈಡೂ ಹೋಯಿತು. ಕೊನೆಗೆ ವಂದನಾ ಸತ್ಯವಂತೆಯಾಗಿ, ಎರಡು ಸಾವಿರದ ಇಪ್ಪತ್ತಮೂರರಲ್ಲಿ ಇಂಡಿಯಾದ ನಮ್ಮ ಸುಪ್ರೀಂ ಕೋರ್ಟು ಇದು ಪಾರ್ಲಿಮೆಂಟಿನ ಕೆಲಸ ಎಂದು ಕೈಬಿಟ್ಟಿತು ಎಂಬ ಸ್ಲೈಡನ್ನೂ ಹಾಕಿದ್ದಳು. ಮೂವರ ಮುಖವೂ ಒಟ್ಟಿಗೆ ಅರಳಿತು.

"ನೋಡಿ, ನೀವೇ ಒಪ್ಕೊಂಡ್ರಿ," ಎಂದರು ಅಂಕಲ್.

ನನಗೆ ತಡೆಯಲಾಗಲಿಲ್ಲ. "ಸರ, ಮಳಿ ಬರಲಿಲ್ಲಂದ್ರ ನಿಮ್ಮ ಕಡೆ ಕಪ್ಪಿ ಮದುವಿ ಮಾಡ್ತಾರೇನ್ರಿ?" ಎಂದು ಕೇಳಿದೆ.

ರಘುನಾಥ್ ಅವರಿಗೆ ಖುಷಿಯಾಯಿತು. "ಮಾಡ್ತಾರಲ್ಲಾ! ನಮ್ಮ ತಾತನ ಊರಲ್ಲಿ ನಾನೇ ನೋಡಿದೀನಿ. ವಾಲಗ, ಬಾಸಿಂಗ, ಪುಟ್ಟ ತಾಳಿ. ಧಾರೆ ಎರೆದಿದ್ದೇ ನಮ್ಮ ತಾತ."

"ಅದರಾಗ ಗಂಡು ಕಪ್ಪಿ ಯಾವ್ದು, ಹೆಣ್ಣು ಕಪ್ಪಿ ಯಾವ್ದು ಅಂತ ಯಾರು ನೋಡ್ಯಾರ್ರಿ?"

"ದೊಡ್ಡದು ಗಂಡು," ಎಂದರು ರಘುನಾಥ್.

"ಕಪ್ಪೆಗಳಲ್ಲಿ ಸಾಮಾನ್ಯವಾಗಿ ಹೆಣ್ಣೇ ದೊಡ್ಡದು ಸರ್," ಎಂದಳು ವಂದನಾ.

"ಹಂಗಂದ್ರ ನಿಮ್ಮ ತಾತಾರು ಹೆಣ್ಣು ಕಪ್ಪಿಗೆ ಗಂಡಿನ ಬಾಸಿಂಗ ಕಟ್ಟ್ಯಾರ. ಆ ವರ್ಷ ಮಳಿ ಆತೇನ್ರಿ?"

"ಆಯ್ತು," ಎಂದು ರಘುನಾಥ್ ಒಪ್ಪಿಕೊಂಡರು. "ಕೆರೆ ಕೋಡಿ ಬಿತ್ತು."

ಪದ್ಮಾವತಿ ಆಂಟಿಗೆ ಏನನ್ನಿಸಿತೋ, ಗಂಡನ ಕಡೆ ತಿರುಗಿ, "ಇವರಿಗೂ ಕುಜದೋಷ ಇತ್ತು. ಮೊದಲು ಬಾಳೆಗಿಡಕ್ಕೆ ತಾಳಿ ಕಟ್ಟಿಸಿ, ಆ ಗಿಡ ಕಡಿಸಿ, ಆಮೇಲೆ ನನ್ನ ತಂದ್ರು. ಲೆಕ್ಕಕ್ಕೆ ನಾನು ಎರಡನೆಯವಳು," ಎಂದರು. ಮೂವತ್ತು ವರ್ಷದ ಸಿಟ್ಟು ಆ ಧ್ವನಿಯಲ್ಲಿತ್ತು.

"ಬಾಳಿಗಿಡ ಗಂಡೋ ಹೆಣ್ಣೋ?" ಎಂದೆ. ವಂದನಾ ಸಂಕೋಚದಿಂದ ಹೇಳಿದಳು, ಒಂದೇ ಗೊನೆಯಲ್ಲಿ ಎರಡು ಥರದ ಹೂವೂ ಇರುತ್ತವೆ. ಅಂಕಲ್ ಕೆಂಪಗಾದರು.

"ಗಿಡ, ಪ್ರಾಣಿ ಎಲ್ಲಾ ಬಿಡಿ!" ಎಂದು ಕೂಗಿದರು. "ಹೆಣ್ಣಿಗೆ ಹೆಣ್ಣನ್ನ ಕಟ್ಟಿದ್ದು ನಮ್ಮ ನಾಡಲ್ಲಿ ಒಂದು ತೋರಿಸಿ ನೋಡೋಣ. ಒಂದೇ ಒಂದು!"

ಅವರು ಕೇಳಬಾರದಿತ್ತು. ನಾನು ವಂದನಾಳಿಗೂ ಹೇಳಿರದ ಮಾತನ್ನು ಆ ಗ್ಯಾರೇಜಿನಲ್ಲಿ ಹೇಳಿದೆ.

"ನಮ್ಮ ಅಮ್ಮಗ ಒಂಬತ್ತು ವರ್ಷ ಇದ್ದಾಗ ಮುತ್ತು ಕಟ್ಟಿದ್ರು. ಅಮ್ಮ ಅಂದ್ರ ನಮ್ಮವ್ವನ ಅವ್ವ. ಕೆಂಪು ಮಣಿ, ಬಿಳಿ ಮಣಿ. ಎಲ್ಲವ್ವನ ಹೆಸರಿನಾಗ ಕಟ್ಟಿದ್ರು. ಎಲ್ಲವ್ವ ಹೆಣ್ಣೋ ಗಂಡೋ ಅಂಕಲ್? ಹೆಣ್ಣಿಗೆ ಹೆಣ್ಣನ್ನ ಕಟ್ಟಿದ್ರಲ್ರಿ. ಊರ ಗೌಡ ಬಂದಿದ್ದ. ಪೂ‌ಜಾರಿ ಬಂದಿದ್ದ. ಹೋಳಿಗಿ ಊಟ ಆತು. ಗೋತ್ರ ಯಾರೂ ಕೇಳಲಿಲ್ಲ. ಇತಿಹಾಸ ಯಾರೂ ಕೇಳಲಿಲ್ಲ. ಕಟ್ಟಿದ್ದು ಎಲ್ಲವ್ವಗ, ಮನಿಗೆ ಬರಾವ್ರು ಮಾತ್ರ ಗೌಡರು."

"ಅದು ಮದುವೆ ಅಲ್ಲ," ಎಂದರು ಅಂಕಲ್ ಮೆಲ್ಲಗೆ.

"ಹೌದ್ರಿ, ಅಲ್ಲ. ಆದ್ರ ಊರೆಲ್ಲಾ ಮದುವಿ ಅಂತು. ಈಗ ನಾವು ಮದುವಿ ಆಗೀವಂದ್ರ, ನೀವು ಅಲ್ಲ ಅಂತೀರಿ."

ವಂದನಾ ಕುರ್ಚಿಯಿಂದ ಎದ್ದು ಬಂದು ನನ್ನ ಹಿಂದೆ ನಿಂತಳು. ವಸಂತಾ ಆಂಟಿ ಕಾಫಿ ಲೋಟದ ತಳ ನೋಡುತ್ತಿದ್ದರು. ರಘುನಾಥ್ "ಇದು ಸೆನ್ಸಿಟಿವ್ ಮ್ಯಾಟರ್. ಮಿನಿಟ್ಸಲ್ಲಿ ಬೇಡ," ಎಂದರು. ಒಂದು ಕ್ಷಣ ನಾನು ಗೆದ್ದೆ ಎಂದುಕೊಂಡೆ.

ಅಷ್ಟರಲ್ಲಿ ಅಂಕಲ್‌ಗೆ ಗೋತ್ರ ನೆನಪಾಯಿತು.

"ದುರ್ಗಾ, ನಿಮ್ಮದು ಯಾವ ಗೋತ್ರ?"

"ನಮಗೆಲ್ಲಿ ಗೋತ್ರರೀ?"

"ತೊಂದರೆ ಇಲ್ಲ. ಗೋತ್ರ ಇಲ್ಲದವರಿಗೆ, ಗೊತ್ತಿಲ್ಲದವರಿಗೆ ಕಾಶ್ಯಪ ಅಂತ ಹೇಳೋದು ಪದ್ಧತಿ. ಎಲ್ಲರೂ ಕಶ್ಯಪರ ಮಕ್ಕಳೇ. ನೀವು ಕಾಶ್ಯಪ ಗೋತ್ರ. ವಂದನಾ, ನಿಮ್ಮದಮ್ಮಾ?"

ವಂದನಾ ನನ್ನ ಭುಜ ಹಿಡಿದಳು. "ಕಾಶ್ಯಪ," ಎಂದಳು.

ಅಂಕಲ್ ಪೆನ್ನು ಕೆಳಗಿಟ್ಟರು. "ಸಗೋತ್ರ! ಅಕ್ಕತಂಗಿಯರಾದ್ರಿ! ನೋಡಿ, ಇಬ್ಬರೂ ಹೆಂಗಸರು ಅನ್ನೋದಕ್ಕೆ ನಮ್ಮ ಅಭ್ಯಂತರ ಇಲ್ಲ. ನಾವೂ ಮಾಡರ್ನೇ. ಆದರೆ ಸಗೋತ್ರ ಹ್ಯಾಗೆ ಒಪ್ಪೋದು?"

ಮೂವರಿಗೂ ಎಷ್ಟು ನಿರಾಳವಾಯಿತೆಂದರೆ ಪದ್ಮಾವತಿ ಆಂಟಿ ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ ಕೊಟ್ಟರು. ಅಂಕಲ್ ಐದು ನಿಮಿಷದ ಕೆಳಗೆ ಕೊಟ್ಟ ಗೋತ್ರದಿಂದ ನಾನು ನನ್ನ ಹೆಂಡತಿಗೆ ತಂಗಿಯಾಗಿದ್ದೆ. ಬೇರೆ ಗೋತ್ರ ಕೊಡಿ ಎಂದಳು ವಂದನಾ. ಕೊಡಲು ಬರುವುದಿಲ್ಲವಂತೆ. ಯಾರಾದರೂ ದತ್ತು ತೆಗೆದುಕೊಂಡರೆ ಗೋತ್ರ ಬದಲಾಗುತ್ತದೆ, ಮಂಗಳಾರತಿ ಮುಗಿಯುವವರೆಗೆ ನೀವೇ ದತ್ತು ತಗೊಳ್ಳಿ ಎಂದು ರಘುನಾಥ್ ಅಂಕಲ್‌ಗೆ ಸೂಚಿಸಿದರು. ಪದ್ಮಾವತಿ ಆಂಟಿ ಗಂಡನ ಕಡೆ ನೋಡಿದ ನೋಟಕ್ಕೆ ಆ ಸೂಚನೆ ಅಲ್ಲೇ ಬಿದ್ದುಹೋಯಿತು.

ಕೊನೆಗೆ ಉಪಸಮಿತಿಯ ತೀರ್ಮಾನ ಹೀಗೆ ಬಂತು. ಗಣಪತಿಯಿಂದ ತಪ್ಪಾಗಿಲ್ಲ. ಅವನು ಕುಟುಂಬವನ್ನು ಎತ್ತಿದ್ದಾನೆ, ಕುಟುಂಬದಲ್ಲಿ ಯಾರು ಎಂದು ಹೇಳಿಲ್ಲ. ಆದ್ದರಿಂದ ವಂದನಾ ಮಣೆಯ ಮೇಲೆ ಕೂರಬಹುದು. ಗಂಡ ಹೆಂಡಿರಲ್ಲಿ ಒಬ್ಬರು ದೂರದಲ್ಲಿದ್ದಾಗ ಅವರ ಬದಲು ಏನನ್ನಾದರೂ ಇಟ್ಟು ಪೂಜೆ ಮಾಡುವುದು ಶಾಸ್ತ್ರದಲ್ಲಿದೆ. ಪತಿಯ ಸ್ಥಾನದಲ್ಲಿ ಒಂದು ತೆಂಗಿನಕಾಯಿ ಇಡತಕ್ಕದ್ದು.

"ನಾನು ದೂರ ಎಲ್ಲಿದೀನ್ರಿ? ಅಲ್ಲೇ ಅಡಿಗಿ ಮನ್ಯಾಗ ಇರ್ತೀನಲ್ಲ?" ಎಂದೆ.

"ನೀನು ಅಡುಗೆ ಮನೇಲಿದ್ರೇನೇ ನಮಗೆ ಧೈರ್ಯ ಕಣಮ್ಮ," ಎಂದರು ಪದ್ಮಾವತಿ ಆಂಟಿ, ತುಂಬ ಪ್ರೀತಿಯಿಂದ.

ಮನೆಗೆ ಹೋಗುವಾಗ ಕಾರಿನಲ್ಲಿ ಬೇಡ ಎನ್ನಲು ವಂದನಾ ಶುರು ಮಾಡಿದಳು. ಹಿಂದಿನ ಸೀಟಿನಿಂದ ವಸಂತಾ ಆಂಟಿ, "ಕಾಯಿ ಆದ್ರೂ ಆಗ್ಲಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರೇ. ನೀನು ಮಣೆ ಮೇಲೆ ಕೂತ್ರೆ ನನಗೆ ಅಷ್ಟೇ ಸಾಕು. ನಿಮ್ಮ ಚಿಕ್ಕಮ್ಮಂಗೆ ನಾನು ಹೇಳೇ ಹೇಳ್ತೀನಿ," ಎಂದರು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ವಂದನಾ ನನ್ನ ಕೈ ಹಿಡಿದಳು. "ಒಂದೇ ಒಂದು ದಿನ, ದುರ್ಗಾ." ನಾನು ಆಗಲಿ ಎಂದೆ.

ಹಬ್ಬದ ದಿನ ಬೆಳಿಗ್ಗೆ ಐದಕ್ಕೆ ಹೋಗಿ ಒಲೆ ಹಚ್ಚಿದೆ. ಹೊರಗೆ ಗಾಳಿ, ಜಿಟಿಜಿಟಿ ಮಳೆ. ಹತ್ತು ಗಂಟೆಗೆ ಬೇಳೆ ಬೆಂದಿತ್ತು, ಸೌತೆಕಾಯಿ ಹೆಚ್ಚಿಯಾಗಿತ್ತು, ನನ್ನ ಸೊಂಟ ಹೋಗಿತ್ತು. ಅಡುಗೆ ಮನೆಗೂ ಹಾಲಿಗೂ ನಡುವೆ ತಟ್ಟೆ ದಾಟಿಸುವ ಒಂದು ಕಿಂಡಿ. ಅದರಿಂದ ವೇದಿಕೆ ಕಾಣುತ್ತಿತ್ತು.

ಎರಡು ಮಣೆ. ಒಂದರ ಮೇಲೆ ವಂದನಾ, ಹಸಿರು ರೇಷ್ಮೆ ಸೀರೆಯಲ್ಲಿ. ಇನ್ನೊಂದರ ಮೇಲೆ ಕಾಯಿ. ಪಾಪಟೋಟೊಯಿ ಅಂಗಡಿಯಿಂದ ತಂದ ಫಿಜಿಯ ಕಾಯಿ. ಅದಕ್ಕೆ ಜರಿಯಂಚಿನ ಶಲ್ಯ ಹೊದಿಸಿದ್ದರು. ಮೇಲೆ ಪುಟ್ಟದೊಂದು ಮೈಸೂರು ಪೇಟ. ಯಾರೋ ಅದರ ಮೂರು ಕಣ್ಣಿನ ಕೆಳಗೆ ಕಾಡಿಗೆಯಲ್ಲಿ ಮೀಸೆಯನ್ನೂ ಬರೆದಿದ್ದರು. ಮುನ್ನೂರು ಜನರಲ್ಲಿ ಒಬ್ಬರೂ ನಗುತ್ತಿರಲಿಲ್ಲ. ಪದ್ಮಾವತಿ ಆಂಟಿ ಗಾಳಿಗೆ ಜಾರಿದ ಶಲ್ಯವನ್ನು ಕಾಯಿಯ ಭುಜದ ಮೇಲೆ ಸರಿ ಮಾಡಿದರು. ವಸಂತಾ ಆಂಟಿ ಮೊದಲ ಸಾಲಿನಲ್ಲಿ ಕೂತು, ಪಕ್ಕದ ಕುರ್ಚಿಯಲ್ಲಿ ಫೋನ್ ನಿಲ್ಲಿಸಿ, ಮೈಸೂರಿನ ತಂಗಿಗೆ ವೀಡಿಯೊದಲ್ಲಿ ಪೂಜೆ ತೋರಿಸುತ್ತಿದ್ದರು.

ಅಂಕಲ್ ಮೈಕಿನಲ್ಲಿ ಸಂಕಲ್ಪ ಶುರು ಮಾಡಿದರು. ನಾನು ಕೋಸಂಬರಿಗೆ ಉಪ್ಪು ಹಾಕುತ್ತಿದ್ದೆ.

"ಹರಿತಸ ಗೋತ್ರೋದ್ಭವಸ್ಯ ನಾರಿಕೇಳ ಶರ್ಮಣಃ, ವಂದನಾ ನಾಮ್ನ್ಯಾ ಧರ್ಮಪತ್ನ್ಯಾ ಸಹ..."

ಉಪ್ಪಿನ ಕೈ ಹಾಗೇ ನಿಂತಿತು. ಕಾಯಿಗೆ ಗೋತ್ರ ಕೊಟ್ಟಿದ್ದರು. ಸಗೋತ್ರ ಆಗದಂತೆ, ನೋಡಿ ಆರಿಸಿ ಕೊಟ್ಟಿದ್ದರು. ಹೆಸರು ಕೊಟ್ಟಿದ್ದರು. ಹೆಸರಿನ ಕೊನೆಗೆ ಶರ್ಮ ಎಂದು ಹಚ್ಚಿದ್ದರು. ನಿನ್ನೆ ಅಂಗಡಿಯ ಬುಟ್ಟಿಯಲ್ಲಿದ್ದದ್ದು ಇವತ್ತು ಬ್ರಾಹ್ಮಣನಾಗಿ ನನ್ನ ಹೆಂಡತಿಯ ಪಕ್ಕ ಕೂತಿತ್ತು. ಮುತ್ತು ಕಟ್ಟಿಸಿಕೊಂಡ ನಮ್ಮಮ್ಮನಿಗೇ ಸಾಯುವ ತನಕ ಊರ ಗುಡಿಯ ಮೆಟ್ಟಿಲು ಹತ್ತಲು ಬಿಡಲಿಲ್ಲ. ನಾನು ಆರು ವರ್ಷ ಇವರ ಟಾಯ್ಲೆಟ್ ತೊಳೆದು ಮಾದರ ದುರುಗವ್ವಳಾಗಿಯೇ ಉಳಿದೆ. ನನಗೆ ಶರ್ಮ ಆಗಬೇಕಿರಲಿಲ್ಲ. ಆದರೆ ಕಾಯಿಗಿಂತ ಕಡೆ ಆಗುವುದಕ್ಕೆ ನಾನು ಒಪ್ಪಲಾರೆ.

ಏಪ್ರನ್ ಬಿಚ್ಚಲಿಲ್ಲ. ಕೈ ತೊಳೆಯಲಿಲ್ಲ. ಹಾಲಿನ ನಡುವೆ ನಡೆದು ಹೋದೆ. ವೇದಿಕೆ ಹತ್ತಿ ಕಾಯಿಯ ಪೇಟ ತೆಗೆದು ಅಂಕಲ್ ಕೈಗೆ ಕೊಟ್ಟೆ. ಅವರು ತೆಗೆದುಕೊಂಡರು. ಶಲ್ಯ ತೆಗೆದು ಮಡಚಿ ಪದ್ಮಾವತಿ ಆಂಟಿಗೆ ಕೊಟ್ಟೆ. ಆಮೇಲೆ ಕಾಯಿಯನ್ನು ಎತ್ತಿ ವೇದಿಕೆಯ ಸಿಮೆಂಟು ಮೆಟ್ಟಿಲಿಗೆ ಬಡಿದೆ. ಒಂದೇ ಏಟಿಗೆ ಬಿರುಕು ಬಿಟ್ಟಿತು. ಎರಡನೇ ಏಟಿಗೆ ಎರಡು ಹೋಳು. ನೀರು ಮೊದಲ ಸಾಲಿನವರ ಕಾಲಿಗೆ ಹಾರಿತು.

"ಅಯ್ಯೋ!" ಎಂದು ಅಂಕಲ್ ಮೈಕಿನಲ್ಲೇ ಕೂಗಿದರು. "ಸೂತಕ! ಸಂಕಲ್ಪ ಆದ್ಮೇಲೆ ಯಜಮಾನರು ಹೋದ್ರು! ಸೂತಕ!"

ಹಾಲಿನಲ್ಲಿದ್ದವರೆಲ್ಲ ಎದ್ದು ನಿಂತರು. ಯಾರಿಗೆ ಸೂತಕ, ಎಷ್ಟು ದಿನ ಎಂದು ಚರ್ಚೆ ಶುರುವಾಯಿತು. ಹತ್ತು ದಿನ ಎಂದರು ಒಬ್ಬರು. ಯಜಮಾನರಾಗಿ ಹತ್ತು ನಿಮಿಷವೂ ಆಗಿಲ್ಲ, ಒಂದು ಸ್ನಾನ ಸಾಕು ಎಂದರು ಇನ್ನೊಬ್ಬರು. ದಾಯಾದಿಗಳಿಗೂ ಉಂಟು ಎಂದು ಅಂಕಲ್ ನೆನಪಿಸಿದರು. "ಹರಿತಸ ಗೋತ್ರದವರು ದಯವಿಟ್ಟು ಕೈ ಎತ್ತಿ," ಎಂದರು ರಘುನಾಥ್ ಮೈಕಿನಲ್ಲಿ. ನಾಲ್ಕು ಜನ ಗಂಭೀರವಾಗಿ ಕೈ ಎತ್ತಿದರು. ಅವರನ್ನು ಬೇರೆ ಸಾಲಿನಲ್ಲಿ ಕೂರಿಸಿದರು. ಅದರಲ್ಲೊಬ್ಬ ಮುದುಕ ಕಣ್ಣು ಒರೆಸಿಕೊಂಡ. ಎರಡು ಗಂಟೆಗೆ ಹಾಲ್ ಖಾಲಿ ಮಾಡಬೇಕು, ಊಟ ಯಾವಾಗ ಎಂದು ಹಿಂದಿನಿಂದ ಯಾರೋ ಕೂಗಿದರು.

ಈ ಗದ್ದಲದಲ್ಲಿ ಮೊದಲ ಸಾಲಿನ ಕುರ್ಚಿಯಿಂದ ಇನ್ನೊಂದು ಧ್ವನಿ ಬರುತ್ತಿತ್ತು. ಫೋನಿನಲ್ಲಿ ಮೈಸೂರಿನ ಚಿಕ್ಕಮ್ಮ.

"ವಸಂತಾ! ಏ ವಸಂತಾ! ಏನೇ ಇದು ಅಪಶಕುನ! ಹಡಗಲ್ಲಿರೋ ಅಳಿಯಂದ್ರಿಗೆ ಏನೂ ಆಗಲ್ಲ ತಾನೇ? ಮೊದಲು ಅವರಿಗೆ ಫೋನ್ ಮಾಡ್ಸೇ!"

ವಂದನಾ ಮಣೆಯ ಮೇಲೆ ಕೂತಲ್ಲಿಂದಲೇ ತಾಯಿಯ ಕಡೆ ತಿರುಗಿದಳು. ನಾನೂ ತಿರುಗಿದೆ. ಹೇಳೇ ಹೇಳ್ತೀನಿ ಎಂದಿದ್ದರು. ಹೇಳಿದ್ದರು. ಮಗಳಿಗೆ ಮದುವೆಯಾಗಿದೆ, ಗಂಡ ಹಡಗಿನಲ್ಲಿದ್ದಾನೆ, ಪೂಜೆಗೆ ಬರಲಾಗಲಿಲ್ಲ, ಅವನ ಬದಲು ಕಾಯಿ ಇಟ್ಟಿದ್ದಾರೆ ಎಂದು ಹೇಳಿದ್ದರು.

"ಆ ಕಾಯಿ ಒಡೆದೋಳು ಯಾರೇ?" ಎಂದು ಚಿಕ್ಕಮ್ಮ ಕೇಳಿದರು.

ವಸಂತಾ ಆಂಟಿ ನನ್ನನ್ನು ನೋಡಿದರು. ಮೂರು ತಿಂಗಳು ಅವರ ಮಂಡಿಗೆ ಎಣ್ಣೆ ತಿಕ್ಕಿದ್ದೆ.

"ಅಡುಗೆಯವಳು ಕಣೇ," ಎಂದರು.

ಕಾಯಿಯ ಹೋಳುಗಳನ್ನು ಹಿಡಿದುಕೊಂಡು ಅಡುಗೆ ಮನೆಯ ಕಡೆ ಹೊರಟೆ. ಜನರಿಗೆ ಹಸಿವಾಗಿತ್ತು, ಕೋಸಂಬರಿಗೆ ಕಾಯಿ ಬೇಕಿತ್ತು.

"ದುರ್ಗಾ, ನಿಲ್ಲು."

ವಂದನಾ ಮಣೆಯಿಂದ ಎದ್ದಿದ್ದಳು. ಅಂಕಲ್ "ಮಧ್ಯದಲ್ಲಿ ಏಳಬಾರದಮ್ಮ" ಎನ್ನುತ್ತಲೇ ಇದ್ದರು. ಅವಳು ವೇದಿಕೆ ಇಳಿದು ಬಂದು ತಾಯಿಯ ಪಕ್ಕದ ಕುರ್ಚಿಯಿಂದ ಫೋನ್ ಎತ್ತಿಕೊಂಡಳು. ವಸಂತಾ ಆಂಟಿ ಅವಳ ಸೆರಗು ಹಿಡಿದರು. ಅವಳು ಬಿಡಿಸಿಕೊಂಡಳು. ನನ್ನ ಹತ್ತಿರ ಬಂದು, ನನ್ನ ಏಪ್ರನ್ನಿಗೆ ಒತ್ತಿ ನಿಂತು, ಇಬ್ಬರೂ ಕಾಣುವ ಹಾಗೆ ಫೋನ್ ಹಿಡಿದಳು.

"ಚಿಕ್ಕಮ್ಮ, ಇವಳು ಅಡುಗೆಯವಳಲ್ಲ. ದುರುಗವ್ವ ಅಂತ. ನನ್ನ ಹೆಂಡತಿ. ಮದುವೆಯಾಗಿ ಆರು ವರ್ಷ ಆಯ್ತು. ಹಡಗು ಇಲ್ಲ, ಅಳಿಯನೂ ಇಲ್ಲ."

ಹರಿತಸ ಗೋತ್ರದವರೂ ತಿರುಗಿ ನೋಡಿದರು. ಫೋನಿನ ಆ ತುದಿಯಲ್ಲಿ ಚಿಕ್ಕಮ್ಮ ಕನ್ನಡಕ ಹಾಕಿಕೊಂಡು, ಮುಖವನ್ನು ಪರದೆಯ ತೀರಾ ಹತ್ತಿರ ತಂದು, ನನ್ನನ್ನೂ ನನ್ನ ಕೈಯಲ್ಲಿದ್ದ ಎರಡು ಹೋಳುಗಳನ್ನೂ ಬಹಳ ಹೊತ್ತು ನೋಡಿದರು.

"ಹಾಗಾದ್ರೆ ಆ ಕಾಯಿ ಯಾರೇ?"

"ಯಾರೂ ಅಲ್ಲ ಚಿಕ್ಕಮ್ಮ," ಎಂದಳು ವಂದನಾ. "ಅದು ಕಾಯಿ."